ಹೊಲಕ್ಕೆ ಬಂದ ಕಜ್ಜಿ ನರಿ: ಮದ್ದು ಯಾರಿಗೆ ಹಾಕಬೇಕು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹಿರಿಯೂರು ತಾಲೂಕು. ಶೇಂಗಾ ಹೊಲ, ನಲವತ್ತು ಕುರಿ, ಎರಡು ನಾಯಿ ಇವೆ. ಊರ ಹೊರಗಿನ ಹುಲ್ಲಿನ ಕಾವಲಿನಲ್ಲಿ ಮೊದಲಿಂದಲೂ ನರಿಗಳಿವೆ. ಸಣ್ಣ ಜಾತಿ, ಬಾಲದ ತುದಿ ಕಪ್ಪು. ಈಗ ಅವುಗಳಲ್ಲಿ ಒಂದು ಹಟ್ಟ ಹಗಲಲ್ಲೇ ನಮ್ಮ ಬದುವಿನ ಮೇಲೆ ಬಂದು ಮಲಗುತ್ತದೆ. ಬಾಲದಲ್ಲಿ ಒಂದು ಕೂದಲೂ ಉಳಿದಿಲ್ಲ. ಸೊಂಟದ ಚರ್ಮ ಬೂದು ಬಣ್ಣಕ್ಕೆ ತಿರುಗಿ ದಪ್ಪಗಾಗಿದೆ. ಕೂತಲ್ಲೇ ಕೆರೆದುಕೊಳ್ಳುತ್ತದೆ. ಹೋದ ವಾರದಿಂದ ನಮ್ಮ ಒಂದು ನಾಯಿಯೂ ಕಿವಿ ಕೆರೆಯಲು ಶುರು ಮಾಡಿದೆ. ಪಕ್ಕದ ಹೊಲದವರು ಅದು ಹುಚ್ಚು ನರಿ, ಕುರಿಗೂ ಅಂಟುತ್ತೆ, ಹೊಡೆದು ಹಾಕಿ ಅಂತಾರೆ. ಮಗ ಮೊಬೈಲಿನಲ್ಲಿ ನೋಡಿ, ಕೋಳಿ ಮಾಂಸದೊಳಗೆ ಹುಳದ ಔಷಧಿ ಇಟ್ಟರೆ ವಾಸಿಯಾಗುತ್ತೆ ಅಂತಾನೆ. ಕಾವಲಿನಲ್ಲಿರೋ ಪ್ರಾಣಿಗೆ ಇದು ಎಲ್ಲಿಂದ ಬಂತು? ಎಲ್ಲ ನರಿಗಳಿಗೂ ಹರಡುತ್ತಾ? ನಾವೇನು ಮಾಡಬೇಕು?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಭಯ ಒಟ್ಟಿಗಿವೆ. ನರಿಗೆ ಹುಚ್ಚು ಹಿಡಿದಿದೆಯಾ, ಕುರಿಗಳಿಗೆ ಅಂಟುತ್ತಾ, ಕಾವಲಿನ ನರಿಗಳೆಲ್ಲ ಹೋಗಿಬಿಡುತ್ತವಾ ಅಂತ. ಜೊತೆಗೆ ಆ ಪ್ರಾಣಿಯ ಮೇಲೆ ಕನಿಕರವೂ ಇದೆ, ಇಲ್ಲದಿದ್ದರೆ ನೀವು ಬರೆಯುತ್ತಲೇ ಇರಲಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ನರಿಗೆ ನೀವು ನೇರವಾಗಿ ಮಾಡಬಹುದಾದದ್ದು ತೀರಾ ಕಡಿಮೆ. ಅದರ ಬಳಗಕ್ಕೆ ನಿಮ್ಮ ಅಂಗಳದಲ್ಲಿ ನಿಂತೇ ಮಾಡಬಹುದಾದದ್ದು ಬಹಳ ಇದೆ.

ಹುಚ್ಚಿನ ಮಾತು ಮೊದಲು ಮುಗಿಸೋಣ. ನೀವು ಬರೆದ ಲಕ್ಷಣಗಳು ಕಜ್ಜಿಯವು. ಬಾಲ, ಸೊಂಟ, ಹಿಂಗಾಲುಗಳಿಂದ ಕೂದಲು ಉದುರುವುದು, ಚರ್ಮ ದಪ್ಪಗಾಗಿ ಹಕ್ಕು ಕಟ್ಟುವುದು, ಬಿಡದೆ ಕೆರೆಯುವುದು, ನರಿಗಳಲ್ಲಿ ಇದು ಸಾಮಾನ್ಯವಾಗಿ ಹೀಗೇ ಕಾಣುತ್ತದೆ. ಹುಚ್ಚಿಗೆ ಕೂದಲು ಉದುರುವುದಿಲ್ಲ. ಅದರಲ್ಲಿ ಜೊಲ್ಲು, ತೂರಾಡುವ ನಡಿಗೆ, ಕಾರಣವಿಲ್ಲದೆ ಮೇಲೆ ಬೀಳುವುದು, ಕೊನೆಗೆ ಕಾಲು ಬಿದ್ದುಹೋಗುವುದು ಕಾಣುತ್ತದೆ. ಹಗಲು ಹೊತ್ತು ಕಂಡರೆ ಹುಚ್ಚು ಎನ್ನುವುದು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ ನಂಬಿಕೆ. ಆದರೆ ಕಜ್ಜಿ ಹಿಡಿದ ನರಿ ಹಗಲು ಬರುವುದಕ್ಕೆ ಬೇರೆ ಕಾರಣವಿದೆ. ಅದಕ್ಕೆ ಹಸಿವು. ರಾತ್ರಿಯೆಲ್ಲ ಕೆರೆದುಕೊಂಡು ನಿದ್ದೆಯಿಲ್ಲ, ಬೇಟೆಗೆ ತ್ರಾಣವಿಲ್ಲ. ಮೈಮೇಲೆ ಕೂದಲಿಲ್ಲದ್ದರಿಂದ ಚಳಿ ತಡೆಯದೆ ಬಿಸಿಲು ಹುಡುಕಿಕೊಂಡು ಬದುವಿಗೆ ಬರುತ್ತದೆ.

ಹಾಗಂತ ಹತ್ತಿರ ಹೋಗಬೇಡಿ. ಒಂದೇ ಪ್ರಾಣಿಗೆ ಎರಡು ಕಾಯಿಲೆ ಇರಬಾರದೆಂದೇನೂ ಇಲ್ಲ, ಅಲ್ವಾ? ದೂರದಿಂದ ನೋಡಿ ಹುಚ್ಚು ಇಲ್ಲವೇ ಇಲ್ಲ ಎಂದು ಯಾವ ವೈದ್ಯರೂ ಹೇಳಲಾರರು. ನರಿ ಯಾರಿಗಾದರೂ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ನಾಟಿ ಔಷಧಿ, ಅರಿಶಿನ, ಸುಣ್ಣ ಏನೂ ಬೇಡ. ಕಣ್ಣು ಮೂಗಿನಿಂದ ಕೀವು ಸೋರುತ್ತಿದ್ದರೆ, ಮೈ ಅದುರುತ್ತಿದ್ದರೆ ಡಿಸ್ಟೆಂಪರ್ ಎಂಬ ಇನ್ನೊಂದು ವೈರಸ್ ಕಾಯಿಲೆಯ ಅನುಮಾನವೂ ಬರುತ್ತದೆ. ಅದು ನಾಯಿಗಳಿಗೂ ಹರಡುತ್ತದೆ.

ಇನ್ನು ಈ ಕಜ್ಜಿಯ ಹುಳ. ಇದರ ಹೆಸರು ಸಾರ್ಕಾಪ್ಟಿಸ್ ಸ್ಕೇಬಿಯೈ. ಉದ್ದ ಅರ್ಧ ಮಿಲಿಮೀಟರಿಗಿಂತ ಕಡಿಮೆ, ಕಣ್ಣಿಗೆ ಕಾಣದು ಎಂದೇ ಹೇಳಬಹುದು. ಹೆಣ್ಣು ಹುಳ ಚರ್ಮದ ಮೇಲ್ಪದರದೊಳಗೆ ಸುರಂಗ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತಾ ಸಾಗುತ್ತದೆ. ಮೂರು ನಾಲ್ಕು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಸುಮಾರು ಎರಡು ವಾರದಲ್ಲಿ ಮರಿ ಬೆಳೆದು ತಾನೂ ಮೊಟ್ಟೆ ಇಡಲು ಸಿದ್ಧ. ನೂರಕ್ಕೂ ಹೆಚ್ಚು ಬಗೆಯ ಸಸ್ತನಿಗಳಲ್ಲಿ ಈ ಹುಳ ಸಿಕ್ಕಿದೆ. ಮನುಷ್ಯರ ತುರಿಗಜ್ಜಿಯೂ ಇದೇ ಜಾತಿಯದ್ದು, ಆದರೆ ಬೇರೆ ತಳಿ. ನಾಯಿ, ನರಿ, ತೋಳಗಳ ನಡುವೆ ಓಡಾಡುವ ತಳಿಗೆ ನಮ್ಮ ಚರ್ಮ ಒಗ್ಗುವುದಿಲ್ಲ. ಕಜ್ಜಿ ನಾಯಿಯನ್ನು ಮುಟ್ಟಿದವರಿಗೆ ಕೈಗೆ, ಹೊಟ್ಟೆಗೆ ಕೆಲವು ದಿನ ತುರಿಕೆ ಬರಬಹುದು. ನಾಯಿಗೆ ಚಿಕಿತ್ಸೆ ಆದ ಮೇಲೆ ಅದು ತಾನಾಗಿ ಹೋಗುತ್ತದೆ. ಹೋಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ನರಿ ಸಾಯುವುದು ಹುಳ ರಕ್ತ ಕುಡಿಯುವುದರಿಂದ ಅಂತ ಜನ ತಿಳಿದಿದ್ದಾರೆ. ಈ ಹುಳ ರಕ್ತ ಕುಡಿಯುವುದೇ ಇಲ್ಲ. ಅದರ ಹಿಕ್ಕೆಗೆ, ಎಂಜಲಿಗೆ ಮೈ ಸಿಡಿದೇಳುತ್ತದೆ. ಅದರಿಂದ ತುರಿಕೆ, ಕೆರೆದು ಗಾಯ, ಗಾಯಕ್ಕೆ ಬೇರೆ ಸೋಂಕು. ಬಿರುಕು ಬಿಟ್ಟ ಚರ್ಮದಿಂದ ನೀರು ಮತ್ತು ಶಾಖ ಎರಡೂ ಸೋರಿಹೋಗುತ್ತವೆ. ಪ್ರಾಣಿ ಬಡಕಲಾಗುತ್ತಾ ಹೋಗುತ್ತದೆ. ಯುರೋಪಿನ ಕೆಂಪು ನರಿಗಳಲ್ಲಿ ರೋಗ ಜೋರಾದರೆ ಮೂರು ನಾಲ್ಕು ತಿಂಗಳಲ್ಲಿ ಸಾವು ಬರುವುದನ್ನು ನೋಡಿದ್ದಾರೆ. ಆ ಮೂರು ನಾಲ್ಕು ತಿಂಗಳು ಬಹಳ ಮುಖ್ಯ. ಅಷ್ಟು ದಿನವೂ ಅದು ಓಡಾಡುತ್ತದೆ, ಬಿಲಗಳಲ್ಲಿ ಮಲಗುತ್ತದೆ, ಮೈಯಿಂದ ಹಕ್ಕು ಉದುರಿಸುತ್ತಾ ಹೋಗುತ್ತದೆ. ಮನುಷ್ಯನ ಸಾಮಾನ್ಯ ತುರಿಗಜ್ಜಿಯಲ್ಲಿ ಇಡೀ ಮೈಗೆ ಹತ್ತು ಹದಿನೈದು ಹುಳ ಇದ್ದರೆ ಹೆಚ್ಚು. ಹಕ್ಕುಗಟ್ಟಿದ ಪ್ರಾಣಿಯ ಮೈಯಲ್ಲಿ ಸಾವಿರಾರು ಇರುತ್ತವೆ. ಹಾಗಾಗಿ ಕಾವಲಿನ ಎಲ್ಲ ನರಿಗಳೂ ಸಮನಾಗಿ ರೋಗ ಹಂಚುವುದಿಲ್ಲ. ತೀರಾ ಹದಗೆಟ್ಟ ಒಂದೆರಡು ಪ್ರಾಣಿಗಳೇ ಹೆಚ್ಚಿನ ಹುಳಗಳನ್ನು ಹೊತ್ತು ತಿರುಗುತ್ತವೆ. ಕಾಡುಪ್ರಾಣಿಗಳ ಬಹುತೇಕ ಪರಜೀವಿಗಳ ಕಥೆ ಇದೇ.

ಎಲ್ಲಿಂದ ಬಂತು, ಹೇಗೆ ಹರಡುತ್ತದೆ

ಒಂದು, ಮೈಗೆ ಮೈ ತಾಗಿ. ತಾಯಿಯಿಂದ ಮರಿಗೆ, ಜೋಡಿಯಿಂದ ಜೋಡಿಗೆ, ಕಚ್ಚಾಟದಲ್ಲಿ. ಎರಡು, ಒಂದೇ ಜಾಗದಲ್ಲಿ ಮಲಗಿ. ಹುಳ ಮೈಯಿಂದ ಕೆಳಗೆ ಬಿದ್ದ ಮೇಲೆ ಎಷ್ಟು ಹೊತ್ತು ಬದುಕುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಒಣ ಬಿಸಿಲಿನಲ್ಲಿ ಒಂದು ದಿನವೂ ಬಾಳುವುದಿಲ್ಲ. ಮನೆಯೊಳಗಿನ ಹದವಾದ ವಾತಾವರಣದಲ್ಲಿ ಒಂದೂವರೆ ದಿನ. ತಂಪಾಗಿ ತೇವವಾಗಿದ್ದರೆ ಎರಡು ವಾರವನ್ನೂ ದಾಟಬಹುದು. ಆದ್ದರಿಂದ ನರಿ ಮಲಗಿದ ಬದುವಿನ ಬಗ್ಗೆ, ಶೇಂಗಾ ಬಳ್ಳಿಯ ಬಗ್ಗೆ ನೀವು ಹೆದರಬೇಕಾಗಿಲ್ಲ. ನಮ್ಮ ಬಯಲುಸೀಮೆ ಬಿಸಿಲು ಆ ಕೆಲಸ ಮಾಡಿಬಿಡುತ್ತದೆ. ಬಿಲದ ಒಳಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ತಂಪು, ಕತ್ತಲು, ತೇವ. ಈ ಸಣ್ಣ ನರಿಗಳು ಹಲವು ಬಾಯಿಗಳಿರುವ ಬಿಲಗಳನ್ನು ವರ್ಷ ವರ್ಷವೂ ಮರಿ ಹಾಕಲು ಬಳಸುತ್ತವೆ.

ಬಿಲದ ಮಹಿಮೆ ತಿಳಿಯಬೇಕಾದರೆ ಆಸ್ಟ್ರೇಲಿಯಾದ ವಾಂಬ್ಯಾಟ್ ನೋಡಬೇಕು. ಅದು ಕುಳ್ಳಗೆ ದುಂಡಗಿರುವ, ನೆಲ ತೋಡುವ ಹುಲ್ಲುಮೇಯಿ. ಒಂಟಿಯಾಗಿ ಬದುಕುತ್ತದೆ, ಒಂದಕ್ಕೊಂದು ಮೈ ತಾಗುವುದೇ ಅಪರೂಪ. ಅಂಥ ಪ್ರಾಣಿಗೆ ಕಜ್ಜಿ ಹರಡಬಾರದು ಅನಿಸುತ್ತದೆ. ಆದರೆ ಅವು ಕೆಲವು ದಿನಕ್ಕೊಮ್ಮೆ ಬಿಲ ಬದಲಿಸುತ್ತವೆ. ಒಂದು ಬಿಟ್ಟುಹೋದ ಬಿಲಕ್ಕೆ ಇನ್ನೊಂದು ಬಂದು ಮಲಗುತ್ತದೆ. ಟಾಸ್ಮೇನಿಯಾದ ನಾರಾನ್‌ಟಾಪು ರಾಷ್ಟ್ರೀಯ ಉದ್ಯಾನದಲ್ಲಿ 2010ರ ನಂತರದ ಕೆಲವೇ ವರ್ಷಗಳಲ್ಲಿ ಕಜ್ಜಿ ವಾಂಬ್ಯಾಟ್‌ಗಳ ಸಂಖ್ಯೆಯನ್ನು ಶೇಕಡ 94ರಷ್ಟು ಇಳಿಸಿಬಿಟ್ಟಿತು.

ಒತ್ತೊತ್ತಾಗಿ ಬದುಕುವಲ್ಲಿ ವೇಗ ಇನ್ನೂ ಜಾಸ್ತಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮನೆಗಳ ಹಿತ್ತಿಲಲ್ಲೇ ಬೇಕಾದಷ್ಟು ಆಹಾರ ಸಿಗುತ್ತಿತ್ತು, ನರಿಗಳು ಕಿಕ್ಕಿರಿದಿದ್ದವು. 1994ರಲ್ಲಿ ಕಜ್ಜಿ ಕಾಣಿಸಿತು. ಎರಡು ವರ್ಷದಲ್ಲಿ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ನರಿಗಳು ಹೋದವು. ಆದರೆ ನಿಮ್ಮ ಕಾವಲು ಬ್ರಿಸ್ಟಲ್ ಅಲ್ಲ. ನಮ್ಮ ಸಣ್ಣ ನರಿಗಳು ಜೋಡಿಜೋಡಿಯಾಗಿ ದೂರ ದೂರ ಇರುತ್ತವೆ. ಅವು ಮಾತ್ರ ಇದ್ದಿದ್ದರೆ ಒಂದೆರಡು ಕುಟುಂಬಕ್ಕೆ ಹಿಡಿದ ಕಜ್ಜಿ ಮುಂದಿನ ಕುಟುಂಬಕ್ಕೆ ದಾಟುವ ಮೊದಲೇ ಆರಿಹೋಗುವ ಸಾಧ್ಯತೆ ಹೆಚ್ಚು.

ಹಾಗಾದರೆ ಆರದಂತೆ ಕಾಯುವವರು ಯಾರು? ನಾಯಿಗಳು. ಊರಿನವು, ಹೊಲದವು, ಕುರಿ ಹಿಂಡಿನ ಜೊತೆ ತಾಲೂಕಿನಿಂದ ತಾಲೂಕಿಗೆ ನಡೆಯುವವು. ಅವುಗಳ ಸಂಖ್ಯೆ ನರಿ ತೋಳಗಳಿಗಿಂತ ಎಷ್ಟೋ ಪಟ್ಟು. ಸತ್ತರೆ ಆ ಜಾಗಕ್ಕೆ ಬೇಗ ಬೇರೆ ನಾಯಿ ಬರುತ್ತದೆ. ಅವು ನರಿಯನ್ನು ಅಟ್ಟುತ್ತವೆ, ಕಚ್ಚುತ್ತವೆ, ಬಿಲಕ್ಕೆ ಮೂತಿ ತೂರಿಸುತ್ತವೆ, ಒಂದೇ ಸತ್ತ ಕುರಿಯನ್ನು ನರಿ ತಿಂದ ಮೇಲೆ ತಿನ್ನುತ್ತವೆ. ಸೋಲಾಪುರದ ಹತ್ತಿರ ನಾನ್ನಜ್ ಎಂಬ ಹುಲ್ಲುಗಾವಲಿದೆ, ನಿಮ್ಮ ಕಾವಲಿನಂಥದ್ದೇ. ಅಲ್ಲಿ ಊರ ನಾಯಿ ಮತ್ತು ಇದೇ ಸಣ್ಣ ನರಿಗಳ ರಕ್ತ ಪರೀಕ್ಷಿಸಿದಾಗ ಪಾರ್ವೊ, ಡಿಸ್ಟೆಂಪರ್‌ನಂಥ ವೈರಸ್‌ಗಳ ಗುರುತು ಎರಡರಲ್ಲೂ ಸಿಕ್ಕಿತು. ಅದು ಕಜ್ಜಿಯ ಅಧ್ಯಯನ ಅಲ್ಲ. ಆದರೂ ಕಾವಲಿನಲ್ಲಿ ನಾಯಿಯ ಬದುಕಿಗೂ ನರಿಯ ಬದುಕಿಗೂ ನಡುವೆ ಬೇಲಿ ಇಲ್ಲ ಎನ್ನುವುದು ಅದರಿಂದ ಸ್ಪಷ್ಟವಾಗುತ್ತದೆ. ನಿಮ್ಮಲ್ಲಿ ನರಿಯಿಂದ ನಾಯಿಗೆ ಬಂತೋ ನಾಯಿಯಿಂದ ನರಿಗೆ ಹೋಯಿತೋ ಈಗ ಹೇಳಲು ಬರುವುದಿಲ್ಲ. ನನ್ನ ಅನುಭವದಲ್ಲಿ ಜನ ನರಿಯನ್ನೇ ದೂರುತ್ತಾರೆ. ಊರೊಳಗಿನ ಕಜ್ಜಿ ನಾಯಿ ದಿನಾ ಕಣ್ಣಿಗೆ ಬಿದ್ದು ರೂಢಿಯಾಗಿರುತ್ತದೆ, ಅಷ್ಟೇ.

ಸಾಕುಪ್ರಾಣಿಯಿಂದ ಕಾಡಿಗೆ ಹೋದ ಕಜ್ಜಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅರ್ಜೆಂಟೀನಾದ ಸಾನ್ ಗಿಯೆರ್ಮೊ ಉದ್ಯಾನ ಉದಾಹರಣೆ. ಅಲ್ಲಿ ಒಂಟೆಯ ಬಳಗದ ವಿಕೂನ್ಯಾ ಎಂಬ ಕಾಡುಪ್ರಾಣಿ ದೊಡ್ಡ ಸಂಖ್ಯೆಯಲ್ಲಿತ್ತು. ಸುತ್ತಮುತ್ತಲ ರೈತರಿಗೆ ಯೋಜನೆಯೊಂದರಲ್ಲಿ ಅದೇ ಬಳಗದ ಲಾಮಾ ಎಂಬ ಸಾಕುಪ್ರಾಣಿಗಳನ್ನು ತಂದುಕೊಟ್ಟರು. 2014ರಲ್ಲಿ ವಿಕೂನ್ಯಾಗಳಿಗೆ ಕಜ್ಜಿ ಹಿಡಿಯಿತು. ಲಾಮಾಗಳಿಂದಲೇ ಬಂದಿರಬೇಕು ಎಂಬುದು ಸಂಶೋಧಕರ ತೀರ್ಮಾನ. ಕೆಲವೇ ವರ್ಷದಲ್ಲಿ ಅವು ಹೆಚ್ಚುಕಡಿಮೆ ಮಾಯವಾದವು. ಮೇಯುವವರಿಲ್ಲದೆ ಹುಲ್ಲು ಬೆಳೆಯಿತು, ಹೆಣ ತಿಂದು ಬದುಕುವ ದೊಡ್ಡ ಕಾಂಡೋರ್ ಹದ್ದುಗಳೂ ಆ ಕಡೆ ಬರುವುದು ಕಡಿಮೆಯಾಯಿತು.

ಬೇಕೆಂದೇ ಹರಡಿದ ಚರಿತ್ರೆಯೂ ಇದೆ, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 1905ರಲ್ಲಿ ಕಾನೂನು ಮಾಡಿ, ಪಶುವೈದ್ಯರ ಕೈಯಲ್ಲೇ ತೋಳಗಳಿಗೆ ಕಜ್ಜಿ ಅಂಟಿಸಿ ಕಾಡಿಗೆ ಬಿಡಿಸಿದರು, ತೋಳ ಸಂತತಿ ಸಾಯಲಿ ಅಂತ. ತೋಳಗಳನ್ನು ಅಳಿಸಿಯೂ ಆಯಿತು. 1995ರಲ್ಲಿ ಯೆಲ್ಲೋಸ್ಟೋನ್‌ಗೆ ಮತ್ತೆ ತೋಳ ತಂದು ಬಿಟ್ಟರು. 2007ರಲ್ಲಿ ಅವುಗಳ ಮೈಯಲ್ಲಿ ಕಜ್ಜಿ ಕಾಣಿಸಿತು. ಆ ತೋಳಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಗೊತ್ತಾಯಿತು. ಗುಂಪಿನಲ್ಲಿರುವುದರಿಂದ ರೋಗ ಅಂಟುತ್ತದೆ, ನಿಜ. ಆದರೆ ಅಂಟಿದ ಮೇಲೆ ಬದುಕಿಸುವುದೂ ಗುಂಪೇ. ಆರೋಗ್ಯವಾಗಿರುವ ಜೊತೆಗಾರರು ಜಾಸ್ತಿ ಇದ್ದರೆ ರೋಗಿ ತೋಳಕ್ಕೆ ಬೇಟೆಯ ಪಾಲು ಸಿಗುತ್ತದೆ, ಅದು ಚೇತರಿಸಿಕೊಳ್ಳುತ್ತದೆ. ಒಂಟಿ ತೋಳಕ್ಕೆ ಆ ಭಾಗ್ಯವಿಲ್ಲ. ಕೊಪ್ಪಳ, ಬಳ್ಳಾರಿ, ಚಿತ್ರದುರ್ಗದ ಕಡೆ ನಮ್ಮ ತೋಳಗಳು ಸಣ್ಣ ಸಣ್ಣ ಗುಂಪಿನಲ್ಲಿವೆ. ಆದ್ದರಿಂದಲೇ ನನಗೆ ನಿಮ್ಮ ನರಿಗಿಂತ ಅವುಗಳ ಚಿಂತೆ ಹೆಚ್ಚು.

ಕುರಿಗಳ ವಿಷಯ

ನರಿಯ ಕಜ್ಜಿ ಹುಳ ಕುರಿಯ ಮೈಯಲ್ಲಿ ನೆಲೆಯೂರುವ ಸಾಧ್ಯತೆ ಬಹಳ ಕಡಿಮೆ. ಕುರಿಗಳಲ್ಲಿ ಉಣ್ಣೆ ಉದುರಿಸುವ ಕಜ್ಜಿ ಬರುವುದು ಸಾಮಾನ್ಯವಾಗಿ ಸೋರಾಪ್ಟಿಸ್ ಎಂಬ ಬೇರೆ ಹುಳದಿಂದ, ಅದು ಕುರಿಯಿಂದ ಕುರಿಗೆ ಹೋಗುತ್ತದೆ. ನಿಮ್ಮ ಹಿಂಡಿಗೆ ಬಂದರೆ ಹೊಸದಾಗಿ ಕೊಂಡು ತಂದ ಕುರಿಯನ್ನು ಮೊದಲು ನೋಡಿ.

ಕುರಿ, ನಾಯಿ, ನರಿ ಮೂರನ್ನೂ ನಿಜವಾಗಿ ಒಂದೇ ದಾರದಲ್ಲಿ ಕಟ್ಟುವ ಪರಜೀವಿ ಬೇರೆ ಇದೆ. ಅದು ಲಾಡಿಹುಳ. ಕುರಿ ತಲೆ ವಾಲಿಸಿಕೊಂಡು ಒಂದೇ ಕಡೆ ಗಿರಗಿರ ಸುತ್ತುವುದನ್ನು ನೀವು ನೋಡಿರಬಹುದು. ಅದರ ಮೆದುಳಲ್ಲಿ ಲಾಡಿಹುಳದ ಮರಿಗಳ ನೀರುಗುಳ್ಳೆ ಬೆಳೆದಿರುತ್ತದೆ. ಆ ತಲೆಯನ್ನು ನಾಯಿಗೆ ಹಾಕಿದರೆ ನಾಯಿಯ ಕರುಳಲ್ಲಿ ಹುಳ ದೊಡ್ಡದಾಗುತ್ತದೆ. ನಾಯಿಯ ಹಿಕ್ಕೆಯಲ್ಲಿ ಬಂದ ಮೊಟ್ಟೆ ಹುಲ್ಲಿಗೆ ಬಿದ್ದು ಮತ್ತೆ ಕುರಿಯ ಹೊಟ್ಟೆಗೆ. ನರಿ ತಿಂದರೂ ಇದೇ ಸುತ್ತು. ಈಲಿ (ಲಿವರ್), ಶ್ವಾಸಕೋಶದಲ್ಲಿ ನೀರುಗುಳ್ಳೆ ಮಾಡುವ ಇನ್ನೊಂದು ಲಾಡಿಹುಳ ಮನುಷ್ಯರಿಗೂ ಬರುತ್ತದೆ, ಆಪರೇಷನ್ ತನಕ ಹೋಗುತ್ತದೆ. ಆದ್ದರಿಂದ ಕುರಿ ಕೊಯ್ದಾಗ ಗುಳ್ಳೆ ಇರುವ ಈಲಿ, ಶ್ವಾಸಕೋಶ, ತಲೆ ಯಾವುದನ್ನೂ ನಾಯಿಗೆ ಎಸೆಯಬೇಡಿ. ಹೂಳಿ, ಇಲ್ಲವೇ ಸುಡಿ.

ಏನು ಮಾಡಬಹುದು, ಏನು ಬೇಡ

ಹೊಡೆದು ಹಾಕುವುದು, ವಿಷ ಇಡುವುದು ಬೇಡವೇ ಬೇಡ. ಕಾನೂನಿನ ಮಾತು ಒಂದು ಕಡೆ ಇರಲಿ. ನರಿ ಸತ್ತು ಖಾಲಿಯಾದ ಜಾಗಕ್ಕೆ ಬೇರೆ ನರಿ ಬರುತ್ತದೆ, ಅದೇ ಬಿಲದಲ್ಲಿ ಮಲಗುತ್ತದೆ. ವಿಷದ ಮಾಂಸ ನಿಮ್ಮ ನಾಯಿ, ಹದ್ದು, ಕಾಗೆ ಎಲ್ಲವನ್ನೂ ಕೊಲ್ಲುತ್ತದೆ. ಬಿಲಕ್ಕೆ ಹೊಗೆ ಹಾಕುವುದು, ಕಲ್ಲು ತುಂಬುವುದೂ ಇಷ್ಟೇ. ಅವು ಹುಳವನ್ನು ಹೊತ್ತುಕೊಂಡೇ ಇನ್ನೊಂದು ಬಿಲಕ್ಕೆ ಹೋಗುತ್ತವೆ. ಫೆಬ್ರವರಿಯಿಂದ ಏಪ್ರಿಲ್ ವರೆಗೆ ಒಳಗೆ ಮರಿಗಳೂ ಇರಬಹುದು.

ನಿಮ್ಮ ಮಗನ ಯೋಚನೆಯ ಹಿಂದೆ ಒಳ್ಳೆ ಮನಸ್ಸಿದೆ. ಅವನಿಗೆ ಬೈಯಬೇಡಿ. ಆದರೆ ಮಾಂಸದಲ್ಲಿ ಔಷಧಿ ಇಡುವುದರಲ್ಲಿ ತೊಂದರೆಗಳು ಹಲವು. ಆ ತುಂಡನ್ನು ಯಾರು ತಿನ್ನುತ್ತಾರೆ ಎಂಬುದು ನಿಮ್ಮ ಕೈಲಿಲ್ಲ. ಬಡಕಲು ನರಿಗೆ ಅಳತೆ ಮೀರಿದರೆ ನರಗಳಿಗೆ ಹೊಡೆಯುತ್ತದೆ. ಐವರ್‌ಮೆಕ್ಟಿನ್ ಎಂಬ ಹುಳದ ಔಷಧಿ ಕೆಲವು ತಳಿಯ ನಾಯಿಗಳಿಗೆ, ಮುಖ್ಯವಾಗಿ ಕಾಲಿ ಜಾತಿಯ ವಿದೇಶಿ ನಾಯಿಗಳಿಗೆ, ಸ್ವಲ್ಪವೇ ಜಾಸ್ತಿಯಾದರೂ ಪ್ರಾಣಕ್ಕೆ ಅಪಾಯ. ಅದು ಮೊಟ್ಟೆಗಳನ್ನು ಕೊಲ್ಲುವುದಿಲ್ಲ, ಆದ್ದರಿಂದ ಎರಡು ವಾರ ಬಿಟ್ಟು ಮತ್ತೆ ಕೊಡಲೇಬೇಕು. ಅಷ್ಟರಲ್ಲಿ ಅದೇ ನರಿ ಅದೇ ಜಾಗಕ್ಕೆ ಬರುತ್ತದೆಂದು ಯಾರು ಹೇಳಬೇಕು? ಇಷ್ಟೆಲ್ಲ ಸರಿಯಾದರೂ ಅದು ಮತ್ತೆ ಹಳೇ ಬಿಲಕ್ಕೇ ಹೋಗಿ ಮಲಗುತ್ತದೆ. ನಾರಾನ್‌ಟಾಪುವಿನಲ್ಲಿ ವಾಂಬ್ಯಾಟ್ ಬಿಲದ ಬಾಯಿಗೆ ಔಷಧಿ ಸುರಿಯುವ ಮುಚ್ಚಳ ಕಟ್ಟಿ, ಮೂರು ತಿಂಗಳು ವಾರ ವಾರವೂ ಔಷಧಿ ತುಂಬಿದರು. ರೋಗ ಸ್ವಲ್ಪ ನಿಧಾನವಾಯಿತು, ನಿಲ್ಲಲಿಲ್ಲ. ಇನ್ನೊಂದು ವಿಷಯ ಮಗನಿಗೆ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ಆಮಿಷ ಇಡುವುದೂ ಅದರಲ್ಲಿ ಸೇರಿದೆ. ಒಳ್ಳೆಯದಕ್ಕೆ ಇಟ್ಟ ಮಾಂಸದಿಂದ ಅವನು ಸುಮ್ನೆ ಕೇಸಿಗೆ ಸಿಕ್ಕಿಕೊಳ್ಳಬಾರದು.

ಹಿಡಿದು ಚಿಕಿತ್ಸೆ ಕೊಡಿಸುವ ದಾರಿ ಇದೆ. ಅದನ್ನು ಅರಣ್ಯ ಇಲಾಖೆಯ ವನ್ಯಜೀವಿ ವೈದ್ಯರು ಮಾಡಬೇಕು. 1926ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ವಲಯ ಅರಣ್ಯಾಧಿಕಾರಿಗೆ ತಿಳಿಸಿ. ಬಂದು ನೋಡಿದವರು ಹಿಡಿಯದಿರಲು ತೀರ್ಮಾನಿಸಿದರೆ ಅದನ್ನು ಉಪೇಕ್ಷೆ ಅಂದುಕೊಳ್ಳಬೇಡಿ. ಅಷ್ಟು ಬಡಕಲಾದ ಪ್ರಾಣಿ ಬಲೆಯ ಗಾಬರಿಗೇ ಸಾಯಬಹುದು. ವಾರಗಟ್ಟಲೆ ಪಂಜರದಲ್ಲಿಟ್ಟರೆ ಅದರ ಜಾಗ ಬೇರೆಯವರ ಪಾಲಾಗಬಹುದು, ಮರಿಗಳಿದ್ದರೆ ಅವು ತಬ್ಬಲಿ. ರೋಗ ಹಗುರವಾಗಿದ್ದರೆ ಕೆಲವು ಪ್ರಾಣಿಗಳು ತಾವಾಗಿ ಗೆಲ್ಲುತ್ತವೆ. ನೀವು ವಿವರಿಸಿದಷ್ಟು ಚರ್ಮ ದಪ್ಪಗಾದ ಮೇಲೆ ಆ ಆಸೆ ಕಡಿಮೆ. ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಆದರೂ ಫೋಟೊ ಕಳಿಸುವುದು ವ್ಯರ್ಥವಲ್ಲ. ಯಾವ ದಿನ, ಯಾವ ಸರ್ವೆ ನಂಬರಿನ ಹತ್ತಿರ, ಜೊತೆಗೆ ಬೇರೆ ನರಿ ಇತ್ತೇ, ಅದರ ಬಾಲದಲ್ಲಿ ಕೂದಲಿತ್ತೇ ಎಂದು ಬರೆದಿಡಿ. ರೋಗ ಒಂದು ಬಿಲದಲ್ಲಿದೆಯೋ ಕಾವಲೆಲ್ಲ ಹರಡಿದೆಯೋ ತಿಳಿಯಲು ಇಲಾಖೆಗೆ ಇದೇ ಬೇಕು.

ಈಗ ನಿಮ್ಮ ಅಂಗಳದ ಕೆಲಸ. ಕಿವಿ ಕೆರೆಯುವ ನಾಯಿಯನ್ನು ಈ ವಾರವೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಿವಿಯ ಅಂಚನ್ನು ಬೆರಳಲ್ಲಿ ಉಜ್ಜಿದಾಗ ಹಿಂಗಾಲು ತಾನಾಗಿ ಕೆರೆಯಲು ಎದ್ದರೆ ಕಜ್ಜಿ ಇರುವ ಸಾಧ್ಯತೆ ಜಾಸ್ತಿ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಷ್ಟೋ ಸಲ ಹುಳ ಸಿಗುವುದಿಲ್ಲ, ಆಗಲೂ ಲಕ್ಷಣ ನೋಡಿ ಚಿಕಿತ್ಸೆ ಕೊಡುವುದುಂಟು. ಫ್ಲೂರಾಲನರ್, ಅಫಾಕ್ಸೊಲನರ್‌ನಂಥ ಮಾತ್ರೆಗಳು ಈಗ ಸಿಗುತ್ತವೆ, ಚೆನ್ನಾಗಿ ಕೆಲಸ ಮಾಡುತ್ತವೆ, ಬೆಲೆ ಸ್ವಲ್ಪ ಹೆಚ್ಚು. ಐವರ್‌ಮೆಕ್ಟಿನ್ ಅಗ್ಗ, ಆದರೆ ತೂಕ ನೋಡಿ ವೈದ್ಯರೇ ಕೊಡಬೇಕು. ಕುರಿಗೆ ತಂದಿಟ್ಟ ಬಾಟಲಿಯಿಂದ ಅಂದಾಜಿನಲ್ಲಿ ಚುಚ್ಚಬೇಡಿ. ಇನ್ನೊಂದು ನಾಯಿ ಕೆರೆಯದಿದ್ದರೂ ಅದಕ್ಕೂ ಚಿಕಿತ್ಸೆ ಆಗಬೇಕು. ಮೊದಲ ಸಲ ಹುಳ ಹತ್ತಿದರೆ ತುರಿಕೆ ಶುರುವಾಗಲು ಕೆಲವು ವಾರ ಬೇಕು, ಅಷ್ಟರಲ್ಲಿ ಅದು ಬೇರೆಯವಕ್ಕೆ ಹಂಚಿರುತ್ತದೆ. ಮಲಗುವ ಗೋಣಿಚೀಲ ಸುಟ್ಟುಬಿಡಿ, ಜಾಗವನ್ನು ಬಿಸಿಲಿಗೆ ಬಿಡಿ.

ನಾಯಿಗೆ ಹಳೇ ಇಂಜಿನ್ ಆಯಿಲ್ ಬಳಿಯುವ ಪದ್ಧತಿ ನಮ್ಮ ಕಡೆ ಬಹಳ. ದಯವಿಟ್ಟು ಮಾಡಬೇಡಿ. ನಾಯಿ ಮೈ ನೆಕ್ಕಿ ಅದನ್ನು ನುಂಗುತ್ತದೆ, ಗಾಯದ ಮೂಲಕವೂ ಒಳಗೆ ಹೋಗುತ್ತದೆ, ಈಲಿ ಮತ್ತು ಮೂತ್ರಪಿಂಡ ಹಾಳಾಗುತ್ತವೆ. ಎಣ್ಣೆ ಬಳಿದ ನಾಯಿಗಳು ಕಜ್ಜಿಯಿಂದಲ್ಲ, ಎಣ್ಣೆಯಿಂದಲೇ ನರಳುವುದನ್ನು ನಾನು ಕಂಡಿದ್ದೇನೆ. ಫಿನಾಯಿಲ್ ಕೂಡ ಹಾಗೆಯೇ.

ಎರಡೂ ನಾಯಿಗಳಿಗೆ ಹುಚ್ಚಿನ ಲಸಿಕೆ ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ಅದೇ ದಿನ ಹಾಕಿಸಿ. ನರಿಯ ಜೊತೆ ಕಚ್ಚಾಡಿದ್ದರೆ ವೈದ್ಯರಿಗೆ ಅದನ್ನೂ ಹೇಳಿ, ಲಸಿಕೆಯ ಲೆಕ್ಕ ಬದಲಾಗುತ್ತದೆ. ಹಿಂಡು ಕಾಯಲು ಬೇಕಾದ ನಾಯಿ ಹತ್ತಿರ ಇರಲಿ, ರಾತ್ರಿ ಅದು ಕಾವಲಿನೊಳಗೆ ಅಲೆಯದ ಹಾಗೆ ನೋಡಿಕೊಳ್ಳಿ.

ಕೊನೆಯದಾಗಿ, ನೀವು ಬರೆಯದ ಒಂದು ವಿಷಯ ಕೇಳುತ್ತೇನೆ. ಹತ್ತಿರದಲ್ಲಿ ಕೋಳಿ ಫಾರಂ ಇದೆಯೇ? ಸತ್ತ ಕೋಳಿ, ಅಂಗಡಿಯ ಕೋಳಿ ತ್ಯಾಜ್ಯ, ಸತ್ತ ಕುರಿಗಳನ್ನು ಹಳ್ಳದ ದಂಡೆಗೆ ಸುರಿಯುವ ಜಾಗ ಇದ್ದರೆ ಊರ ನಾಯಿ, ನರಿ, ತೋಳ ಎಲ್ಲ ಅಲ್ಲಿ ಒಂದೇ ರಾಶಿಗೆ ಬಾಯಿ ಹಾಕುತ್ತವೆ. ಕಾವಲಿನಲ್ಲಿ ದೂರ ದೂರ ಇರಬೇಕಾದ ಪ್ರಾಣಿಗಳನ್ನು ಬ್ರಿಸ್ಟಲ್‌ನ ಹಾಗೆ ಒತ್ತೊತ್ತಾಗಿ ಸೇರಿಸುವುದು ಅದೇ ರಾಶಿ. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ, ಫಾರಂನವರ ಜೊತೆ ಮಾತಾಡಿ. ಆಳದ ಗುಂಡಿ ತೋಡಿ, ಸುಣ್ಣ ಹಾಕಿ, ನಾಯಿ ಕೆದಕದ ಹಾಗೆ ಮಣ್ಣು ಮುಚ್ಚಿದರೆ ಸಾಕು. ಪಕ್ಕದ ಹೊಲದವರನ್ನೂ ಇದಕ್ಕೆ ಸೇರಿಸಿಕೊಳ್ಳಿ. ಅವರ ನಾಯಿಗೂ ಚಿಕಿತ್ಸೆ ಆಗದಿದ್ದರೆ ನಿಮ್ಮ ನಾಯಿಗೆ ಕಜ್ಜಿ ಮತ್ತೆ ಬರುತ್ತದೆ. ಚಿಕಿತ್ಸೆ ಮುಗಿದು ಒಂದು ತಿಂಗಳಾದ ಮೇಲೂ ನಾಯಿಗಳು ಕೆರೆಯುತ್ತಿದ್ದರೆ ಕಿವಿ ಮತ್ತು ಮೊಣಕೈಯ ಫೋಟೊ ತೆಗೆದು ನನಗೆ ಕಳಿಸಿ.